ಪ್ರಾಣದ ಬೆಲೆ ಯಾರ ಕೈ ಸೇರಬೇಕು? ಮರಣ ಪರಿಹಾರ ಹಂಚಿಕೆಯ ಚರಿತ್ರೆಯಲ್ಲಿ ಒಂದು ನೋಟ

ಅಪಘಾತದಲ್ಲಿ ಮಡಿದವರ ಶವಸಂಸ್ಕಾರವನ್ನು ನೆರವೇರಿಸಿದ ಗುರುವು ಕೆಲವು ತಿಂಗಳ ಅಥವಾ ವರ್ಷಗಳ ಬಳಿಕ ಅದೇ ಮನೆಯವರನ್ನು ಗುರುಮನೆಯ ಬಾಗಿಲಲ್ಲಿ ಮತ್ತೊಮ್ಮೆ ಕಾಣುವುದುಂಟು. ಮೊದಲ ಸಲ ಅವರು ಅಳುತ್ತಾ ಬಂದಿದ್ದರು. ಎರಡನೆಯ ಸಲ ಕಾಗದಪತ್ರಗಳನ್ನು ಹಿಡಿದು ಬರುತ್ತಾರೆ. ಪರಿಹಾರದ ಹಣ ಮಂಜೂರಾಗಿದೆ, ಅದನ್ನು ಹೇಗೆ ಹಂಚಿಕೊಳ್ಳಬೇಕೆಂದು ತಾವು ಹೇಳಬೇಕು ಎಂದು ಕೇಳುತ್ತಾರೆ. ನಮ್ಮ ಗುರುಮಠಗಳಲ್ಲಿ ಶವಸಂಸ್ಕಾರದ ವಿಧಿಯನ್ನು ಕಲಿಸುತ್ತೇವೆ. ಈ ಎರಡನೆಯ ಭೇಟಿಗೆ ಯಾರನ್ನೂ ಸಿದ್ಧಪಡಿಸುವುದಿಲ್ಲ. ನನ್ನನ್ನೂ ಯಾರೂ ಸಿದ್ಧಪಡಿಸಿರಲಿಲ್ಲ.

ನಾನು ಒಂದು ಗ್ರಾಮೀಣ ಧರ್ಮಕೇಂದ್ರದಲ್ಲಿದ್ದಾಗ ಲಾರಿಯೊಂದು ಹಾಯ್ದು ಒಬ್ಬ ಗಾರೆ ಕೆಲಸಗಾರ ತೀರಿಕೊಂಡ. ಅವನಿಗೆ ಹೆಂಡತಿ, ಇಬ್ಬರು ಮಕ್ಕಳು, ವಿಧವೆಯಾದ ತಾಯಿ ಇದ್ದರು. ಪ್ರಕರಣವು ಲೋಕ ಅದಾಲತ್‌ನಲ್ಲಿ ರಾಜಿಗೆ ಬಂದಿತು. ಹಿಂದಿನ ದಿನ ಸಂಜೆ ನಾಲ್ವರೂ ಬಂದು ಪಾಲಿನ ವಿಚಾರ ಕೇಳಿದರು. ನಾನು ಕಪಾಟಿನಿಂದ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪುಸ್ತಕವನ್ನು ತೆಗೆದು ಓದಿದೆ: ಕ್ರೈಸ್ತನೊಬ್ಬ ಉಯಿಲು ಬರೆಯದೆ ಸತ್ತರೆ ಅವನ ಆಸ್ತಿಯ ಮೂರನೆಯ ಒಂದು ಭಾಗ ವಿಧವೆಗೆ, ಉಳಿದ ಎರಡು ಭಾಗ ಮಕ್ಕಳಿಗೆ, ಮಕ್ಕಳಿರುವಾಗ ತಾಯಿಗೆ ಏನೂ ಇಲ್ಲ. “ಅಮ್ಮಾ, ಕಾನೂನಿನ ಪ್ರಕಾರ ನಿಮಗೆ ಪಾಲು ಬರುವುದಿಲ್ಲ” ಎಂದೆ. ಆ ತಾಯಿ, “ಆಗಲಿ ಸ್ವಾಮಿ, ತಾವು ಹೇಳಿದ ಮೇಲೆ ಮುಗಿಯಿತು” ಎಂದು ಮರುದಿನ ಹೆಬ್ಬೆಟ್ಟು ಒತ್ತಿ ಬಂದರು.

ನಾನು ಓದಿದ ಕಲಮು ಸರಿಯಾಗಿತ್ತು, ಅದನ್ನು ಅನ್ವಯಿಸಿದ್ದು ತಪ್ಪಾಗಿತ್ತು. ಮೃತನು ಬಿಟ್ಟುಹೋದ ಆಸ್ತಿ ಬೇರೆ, ಅವನ ಮರಣದಿಂದ ಆಶ್ರಯ ಕಳೆದುಕೊಂಡವರಿಗೆ ಸಲ್ಲುವ ಪರಿಹಾರ ಬೇರೆ. ಈ ಭೇದವನ್ನು ನ್ಯಾಯಶಾಸ್ತ್ರ ಕಂಡುಕೊಳ್ಳಲು ಶತಮಾನಗಳೇ ಬೇಕಾದವು. ಆ ಚರಿತ್ರೆಯನ್ನು ಅರಿಯದ ಗುರುವು ಒಂದು ಸಂಜೆಯಲ್ಲಿ ಒಬ್ಬ ತಾಯಿಗೆ ಎಂತಹ ಅನ್ಯಾಯ ಮಾಡಬಲ್ಲನೆಂಬುದಕ್ಕೆ ನಾನೇ ಸಾಕ್ಷಿ. ಆದುದರಿಂದಲೇ ಈ ಲೇಖನ.

ಹಾಯುವ ಎತ್ತು ಮತ್ತು ಮೂವತ್ತು ಶೆಕೆಲ್

ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ (28-32) ಹಾಯುವ ಎತ್ತಿನ ನಿಯಮವಿದೆ. ಎತ್ತು ಮನುಷ್ಯನನ್ನು ತಿವಿದು ಕೊಂದರೆ ಅದನ್ನು ಕಲ್ಲೆಸೆದು ಕೊಲ್ಲಬೇಕು. ಅದರ ಮಾಂಸವನ್ನು ತಿನ್ನಬಾರದು. ಅದು ಹಾಯುವ ಎತ್ತೆಂದು ಮುಂಚೆಯೇ ಎಚ್ಚರಿಕೆ ಕೊಟ್ಟಿದ್ದರೂ ಒಡೆಯನು ಕಟ್ಟಿಹಾಕದಿದ್ದರೆ ಅವನೂ ಸಾವಿಗೆ ಗುರಿ. ಆದರೆ ಅವನ ಮೇಲೆ ಈಡಿನ ಹಣವನ್ನು ಹೊರಿಸಿದರೆ ಅದನ್ನು ಕೊಟ್ಟು ಪ್ರಾಣ ಉಳಿಸಿಕೊಳ್ಳಬಹುದು. ಇಂದು ನಾವು ನಿರ್ಲಕ್ಷ್ಯವೆಂದು ಕರೆಯುವುದರ ಬೀಜ ಇಲ್ಲಿದೆ: ಅಪಾಯವನ್ನು ಬಲ್ಲವನು ಅದನ್ನು ತಡೆಯದಿದ್ದರೆ ಹೊಣೆಗಾರನಾಗುತ್ತಾನೆ. ಇನ್ನೊಂದೆಡೆ, ಬೇಕೆಂದೇ ಕೊಂದವನಿಂದ ಈಡನ್ನು ಸ್ವೀಕರಿಸಬಾರದೆಂದು ಸಂಖ್ಯಾಕಾಂಡ (35:31) ಕಟ್ಟಪ್ಪಣೆ ಮಾಡುತ್ತದೆ. ಹಣವು ಅಜಾಗರೂಕತೆಯ ಋಣವನ್ನು ತೀರಿಸಬಹುದು, ಕೊಲೆಯನ್ನು ಕೊಂಡುಕೊಳ್ಳಲಾಗದು.

ಈಡು ಯಾರ ಕೈಗೆ ಸೇರಬೇಕೆಂಬುದನ್ನು ಆ ವಚನ ನೇರವಾಗಿ ಹೇಳುವುದಿಲ್ಲ. ಹೇಳುವುದು ಒಂದೇ ಸಂದರ್ಭದಲ್ಲಿ: ಸತ್ತವನು ದಾಸನಾಗಿದ್ದರೆ ಮೂವತ್ತು ಶೆಕೆಲ್ ಬೆಳ್ಳಿ ಅವನ ಯಜಮಾನನಿಗೆ. ದಾಸನಿಗೂ ಹೆತ್ತವರೂ ಮಕ್ಕಳೂ ಇದ್ದಿರಬಹುದು; ಬೆಳ್ಳಿ ಅವರನ್ನು ಮುಟ್ಟಲಿಲ್ಲ. ಅದೇ ಮೂವತ್ತು ಎಂಬ ಸಂಖ್ಯೆ ಜೆಕರ್ಯನ ಪ್ರವಾದನೆಯಲ್ಲಿ ಕುರುಬನ ಕೂಲಿಯಾಗಿ ಬರುತ್ತದೆ. ಮತ್ತಾಯನ ಶುಭಸಂದೇಶದಲ್ಲಿ ಪ್ರಭು ಯೇಸುವಿನ ಬೆಲೆಯಾಗುತ್ತದೆ. ಯೂದನು ಬಿಸುಟ ನಾಣ್ಯಗಳನ್ನು ರಕ್ತದ ಹಣವೆಂದು ದೇವಾಲಯದ ಬೊಕ್ಕಸಕ್ಕೆ ಹಾಕಲು ಮುಖ್ಯಯಾಜಕರು ಹಿಂಜರಿದರು. ಕುಂಬಾರನ ಹೊಲವನ್ನು ಕೊಂಡು ಪರದೇಶಿಗಳ ಸಮಾಧಿಗೆಂದು ಇಟ್ಟರು. ಮಗನನ್ನು ಕಳೆದುಕೊಂಡ ತಾಯಿ ಆ ಊರಿನಲ್ಲೇ ಇದ್ದಳು. ಆಕೆಯ ನೆನಪು ಅವರಲ್ಲಿ ಯಾರಿಗೂ ಬರಲಿಲ್ಲ. ಮರಣದ ಹಣದ ಚರಿತ್ರೆಯಲ್ಲಿ ಈ ಮರೆವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಧರ್ಮಾಧ್ಯಕ್ಷ ತೆಯೊದೋರನ ಸಂಧಾನ

ಕ್ರಿ.ಶ. 679ರಲ್ಲಿ ಇಂಗ್ಲೆಂಡಿನ ಟ್ರೆಂಟ್ ನದಿಯ ಸಮೀಪ ನಾರ್ಥಂಬ್ರಿಯ ಮತ್ತು ಮರ್ಸಿಯ ರಾಜ್ಯಗಳ ನಡುವೆ ಯುದ್ಧವಾಯಿತು. ನಾರ್ಥಂಬ್ರಿಯದ ಅರಸ ಎಗ್‌ಫ್ರಿತ್‌ನ ತಮ್ಮ ಎಲ್ಫ್‌ವಿನ್ ಹತನಾದ. ಸೇಡಿಗೆ ಸೇಡೆಂದು ಎರಡು ನಾಡುಗಳೂ ರಕ್ತದಲ್ಲಿ ಮುಳುಗುವ ಸ್ಥಿತಿ ಉಂಟಾಯಿತು. ಆಗ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ತೆಯೊದೋರನು ನಡುವೆ ನಿಂತು, ಒಂದು ಪ್ರಾಣಕ್ಕೆ ಇನ್ನೊಂದು ಪ್ರಾಣವನ್ನು ಕೇಳದೆ ರೂಢಿಯ ಪರಿಹಾರ ಹಣವನ್ನು ಸ್ವೀಕರಿಸುವಂತೆ ಅರಸನನ್ನು ಒಪ್ಪಿಸಿದನು. ಈ ಪ್ರಸಂಗವನ್ನು ಸಂತ ಬೀಡನು ತನ್ನ ಧರ್ಮಸಭೆಯ ಚರಿತ್ರೆಯಲ್ಲಿ ದಾಖಲಿಸಿದ್ದಾನೆ. ತೆಯೊದೋರನ ಹೆಸರಿನಲ್ಲಿ ಬಂದಿರುವ ಪ್ರಾಯಶ್ಚಿತ್ತ ಸಂಹಿತೆಯೂ ಇದೇ ದಾರಿ ಹಿಡಿಯುತ್ತದೆ: ಬಂಧುವಿನ ಸೇಡಿಗಾಗಿ ಕೊಂದವನು ಸತ್ತವನ ಬಂಧುಗಳಿಗೆ ಸಲ್ಲಬೇಕಾದ ಹಣವನ್ನು ಕೊಟ್ಟರೆ ಅವನ ಪ್ರಾಯಶ್ಚಿತ್ತದ ಅವಧಿ ಅರ್ಧಕ್ಕೆ ಇಳಿಯುತ್ತದೆ. ದೇವರೊಡನೆ ಸಮಾಧಾನ ಮತ್ತು ಸತ್ತವನ ಮನೆಯವರೊಡನೆ ಸಮಾಧಾನ, ಇವೆರಡನ್ನೂ ಧರ್ಮಸಭೆ ಒಂದೇ ಹಗ್ಗದ ಎರಡು ಎಳೆಗಳಾಗಿ ಹೊಸೆದಿತ್ತು.

ಆದರೆ ‘ವೆರ್ಗಿಲ್ಡ್’ ಎಂಬ ಆ ಮನುಷ್ಯ-ಬೆಲೆ ಹೇಗೆ ಹಂಚಿಕೆಯಾಗುತ್ತಿತ್ತು? ಹತ್ತನೆಯ ಶತಮಾನದ ಆಂಗ್ಲೋ-ಸ್ಯಾಕ್ಸನ್ ನಿಯಮಗಳಲ್ಲಿ ಮೊದಲ ಕಂತು ಹತ್ತಿರದ ಬಂಧುಗಳಿಗೆ ಮೀಸಲು. ಮಕ್ಕಳು, ಸಹೋದರರು, ತಂದೆಯ ಸಹೋದರರು, ಇಷ್ಟೇ ಆ ವಲಯ. ಅದರಲ್ಲಿ ವಿಧವೆಯ ಹೆಸರಿಲ್ಲ. ಹಣವು ಕುಲಕ್ಕಾದ ನಷ್ಟವನ್ನು ತುಂಬುತ್ತಿತ್ತು; ಒಲೆಯ ಮುಂದೆ ಕುಳಿತವಳ ನಷ್ಟ ಕುಲದ ಲೆಕ್ಕಕ್ಕೆ ಬರುತ್ತಿರಲಿಲ್ಲ.

ದೇವರ ಹೆಸರಿನಲ್ಲಿ ಅರಸನ ಬೊಕ್ಕಸಕ್ಕೆ

ಮಧ್ಯಯುಗದ ಇಂಗ್ಲೆಂಡಿನಲ್ಲಿ ಇನ್ನೊಂದು ಪದ್ಧತಿ ಬೇರೂರಿತು. ಮನುಷ್ಯನ ಸಾವಿಗೆ ಕಾರಣವಾದ ವಸ್ತುವನ್ನು, ಅದು ಬಂಡಿಯಾಗಲಿ, ಕುದುರೆಯಾಗಲಿ, ಬಾವಿಯ ಕೊಡವಾಗಲಿ, ‘ಡಿಯೋಡ್ಯಾಂಡ್’ ಎಂದು ಘೋಷಿಸಲಾಗುತ್ತಿತ್ತು. ದೇವರಿಗೆ ಕೊಡತಕ್ಕದ್ದು ಎಂಬುದು ಆ ಲತೀನ್ ಮೂಲದ ಪದದ ಅರ್ಥ. ವಿಮೋಚನಕಾಂಡದ ಎತ್ತಿನ ನೆರಳನ್ನು ವಿದ್ವಾಂಸರು ಇದರಲ್ಲಿ ಕಂಡಿದ್ದಾರೆ. ಆ ವಸ್ತು ಅಥವಾ ಅದರ ಬೆಲೆ ದಾನಧರ್ಮಕ್ಕೆ ಸಲ್ಲಬೇಕೆಂಬುದು ಸಿದ್ಧಾಂತ. ಅದು ಅರಸನ ಅಥವಾ ಅವನಿಂದ ಹಕ್ಕು ಪಡೆದ ಪ್ರಭುಗಳ ಪಾಲಾಗುತ್ತಿತ್ತೆಂಬುದು ವಾಸ್ತವ. ಕುಟುಂಬಕ್ಕೆ ಅದರ ಮೇಲೆ ಹಕ್ಕಿರಲಿಲ್ಲ. ದೇವರ ಹೆಸರು ಹೇಳಿ ವಿಧವೆಯನ್ನು ಬರಿಗೈಯಲ್ಲಿ ಕಳುಹಿಸುವುದು ಫರಿಸಾಯರ ಕಾಲದೊಂದಿಗೆ ಮುಗಿದಿರಲಿಲ್ಲ.

ರೈಲುಗಾಡಿ ಬಂದ ಮೇಲೆ ಈ ಪದ್ಧತಿ ನಗೆಪಾಟಲಾಯಿತು. 1841ರ ಕ್ರಿಸ್ಮಸ್ ಹಿಂದಿನ ದಿನ ಸೋನಿಂಗ್ ಎಂಬಲ್ಲಿ ರೈಲೊಂದು ಕುಸಿದ ಮಣ್ಣಿಗೆ ಅಪ್ಪಳಿಸಿತು. ಹಬ್ಬಕ್ಕೆ ಊರಿಗೆ ಹೊರಟಿದ್ದ ಬಡ ಕಲ್ಲುಕುಟಿಗರು ಸತ್ತರು. ಪಂಚರು ರೈಲಿನ ಮೇಲೆ 1,000 ಪೌಂಡು ಡಿಯೋಡ್ಯಾಂಡ್ ಹೊರಿಸಿದರು; ಮೇಲ್ಮನವಿಯಲ್ಲಿ ಅದೂ ಬಿದ್ದುಹೋಯಿತು. ಕುಟುಂಬಗಳಿಗೆ ನ್ಯಾಯಾಲಯದ ಬಾಗಿಲು ಮುಚ್ಚಿತ್ತು. ಏಕೆಂದರೆ 1808ರಲ್ಲಿ ಬೇಕರ್ ಎಂಬವರ ಮೊಕದ್ದಮೆಯಲ್ಲಿ ನ್ಯಾಯಾಧೀಶ ಎಲೆನ್‌ಬರೊ ಅವರು ಮನುಷ್ಯನ ಮರಣವನ್ನು ಸಿವಿಲ್ ನ್ಯಾಯಾಲಯದಲ್ಲಿ ಹಾನಿಯೆಂದು ದೂರಲಾಗದೆಂದು ತೀರ್ಪಿತ್ತಿದ್ದರು. ಬಂಡಿ ಮಗುಚಿ ಪತ್ನಿಯನ್ನು ಕಳೆದುಕೊಂಡಿದ್ದ ಆ ಗಂಡನಿಗೆ ಆಕೆ ನರಳುತ್ತಿದ್ದ ಸುಮಾರು ಒಂದು ತಿಂಗಳ ಮಟ್ಟಿಗೆ ಮಾತ್ರ ಪರಿಹಾರ ದೊರೆಯಿತು. ಗಾಯಕ್ಕೆ ಬೆಲೆಯುಂಟು, ಸಾವಿಗೆ ಇಲ್ಲ. ಅಂದರೆ ಪ್ರತಿವಾದಿಗೆ ಗಾಯಗೊಳಿಸುವುದಕ್ಕಿಂತ ಕೊಲ್ಲುವುದೇ ಅಗ್ಗ.

1846 ಮತ್ತು 1855: ಹೆಂಡತಿ, ಗಂಡ, ಹೆತ್ತವರು, ಮಕ್ಕಳು

1846ರಲ್ಲಿ ಲಾರ್ಡ್ ಕ್ಯಾಂಬೆಲ್ ಅವರ ಪ್ರಯತ್ನದಿಂದ ಎರಡು ಕಾಯಿದೆಗಳು ಒಟ್ಟಿಗೆ ಬಂದವು. ಒಂದು ಡಿಯೋಡ್ಯಾಂಡನ್ನು ರದ್ದುಮಾಡಿತು. ಇನ್ನೊಂದು ಮಾರಕ ಅಪಘಾತಗಳ ಕಾಯಿದೆ; ಅದು ಮೃತನ ಪತ್ನಿ, ಪತಿ, ಹೆತ್ತವರು ಮತ್ತು ಮಕ್ಕಳ ಪ್ರಯೋಜನಕ್ಕಾಗಿ ದಾವೆ ಹೂಡುವ ಹಕ್ಕನ್ನು ಸೃಷ್ಟಿಸಿತು. ಬೊಕ್ಕಸದ ಕಡೆ ಹರಿಯುತ್ತಿದ್ದ ಹಣದ ದಿಕ್ಕು ಮನೆಯ ಕಡೆ ತಿರುಗಿತು. ಒಂದು ಸಾವಿಗೆ ಒಂದೇ ದಾವೆ, ಒಂದೇ ಮೊತ್ತ. ಅದರಲ್ಲಿ ಯಾರಿಗೆಷ್ಟು ಎಂಬುದನ್ನು ಪಂಚರು ನಿರ್ಧರಿಸಬೇಕು.

ಒಂಬತ್ತು ವರ್ಷಗಳಲ್ಲಿ, ಕಂಪನಿ ಸರಕಾರದ ಕಾಲದಲ್ಲೇ, ಅದೇ ಕಾಯಿದೆ 1855ರ 13ನೆಯ ಅಧಿನಿಯಮವಾಗಿ ನಮ್ಮ ದೇಶಕ್ಕೆ ಬಂದಿತು. ಹೆತ್ತವರೆಂದರೆ ಅಜ್ಜ ಅಜ್ಜಿಯರೂ ಸೇರುತ್ತಾರೆ, ಮಕ್ಕಳೆಂದರೆ ಮೊಮ್ಮಕ್ಕಳೂ ಮಲಮಕ್ಕಳೂ ಸೇರುತ್ತಾರೆ. ಬಂದ ಹಣವನ್ನು ನ್ಯಾಯಾಲಯವು ತಾನು ನಿಗದಿಪಡಿಸಿದ ಪಾಲುಗಳಲ್ಲಿ ಹಂಚಬೇಕು. ಈ ವಾಕ್ಯದ ತೂಕವನ್ನು ನಾವು ಗಮನಿಸಬೇಕು. ಉತ್ತರಾಧಿಕಾರದ ಪಟ್ಟಿಯಲ್ಲಿ ಪಾಲು ರಕ್ತಸಂಬಂಧದ ಮೆಟ್ಟಿಲಿನಿಂದ ಮೊದಲೇ ಗೊತ್ತಾಗಿರುತ್ತದೆ. ಇಲ್ಲಿ ಪಾಲು ಪ್ರತಿಯೊಬ್ಬರ ನಷ್ಟದಿಂದ ಗೊತ್ತಾಗಬೇಕು. ಮಕ್ಕಳಿರುವ ಕಾರಣಕ್ಕೆ ತಾಯಿ ಇಲ್ಲಿ ಹೊರಗಾಗುವುದಿಲ್ಲ. ನಾನು ಓದದೆ ಬಿಟ್ಟದ್ದು ಇದನ್ನೇ.

ಆ ಕಾಯಿದೆಗೂ ಕುಂದುಗಳಿದ್ದವು. ಸಹೋದರ ಸಹೋದರಿಯರಿಗೆ ಅದರಲ್ಲಿ ಸ್ಥಾನವಿರಲಿಲ್ಲ. 1852ರಲ್ಲೇ ಇಂಗ್ಲೆಂಡಿನ ನ್ಯಾಯಾಲಯವು ಬ್ಲೇಕ್ ಎಂಬ ವಿಧವೆಯ ಪ್ರಕರಣದಲ್ಲಿ, ಕಣ್ಣೀರಿಗೆ ಬೆಲೆ ಕಟ್ಟಲಾಗದು, ಹಣದ ನಷ್ಟವನ್ನಷ್ಟೇ ಎಣಿಸಬೇಕು ಎಂಬ ನಿಲುವನ್ನು ತಳೆದಿತ್ತು. ಹೀಗಾಗಿ ಸಂಪಾದಿಸದವರ ಸಾವು ಬಹುಕಾಲ ಅಗ್ಗದ ಸಾವಾಗಿಯೇ ಉಳಿಯಿತು.

ನೈತಿಕ ದೈವಶಾಸ್ತ್ರದ ಧ್ವನಿ

ಇದೇ ಪ್ರಶ್ನೆಯನ್ನು ನಮ್ಮ ನೈತಿಕ ದೈವಶಾಸ್ತ್ರಜ್ಞರು ಬೇರೆ ಕಡೆಯಿಂದ ಹಿಡಿದಿದ್ದರು. ಸಂತ ತೋಮಸ್ ಅಕ್ವಿನಾಸರು ಮರುಸಲ್ಲಿಕೆಯನ್ನು ಕುರಿತು ಬರೆಯುವಾಗ, ಒಬ್ಬನ ಅಂಗವನ್ನು ಕಳೆದವನು ಅದನ್ನೇ ಹಿಂದಿರುಗಿಸಲಾರನೆಂದೂ ಆದರೆ ಅದರಿಂದ ಅವನ ಋಣ ಅಳಿಯುವುದಿಲ್ಲವೆಂದೂ ವಾದಿಸುತ್ತಾರೆ. ಸಮನಾದದ್ದನ್ನು ಕೊಡಲಾಗದಿದ್ದಾಗ ಸಾಧ್ಯವಾದದ್ದನ್ನು, ಹಣದಿಂದಲೋ ಗೌರವದಿಂದಲೋ, ವಿವೇಕಿಯ ತೀರ್ಮಾನದಂತೆ ಕೊಡಬೇಕು. ಮುಂದೆ ಸಂತ ಅಲ್ಫೋನ್ಸ್ ಲಿಗೋರಿಯವರಂತಹ ನೀತಿಶಾಸ್ತ್ರಜ್ಞರು ಕೊಂದವನ ಹೊಣೆಯನ್ನು ಚರ್ಚಿಸುವಾಗ ಸತ್ತವನ ದುಡಿಮೆಯನ್ನು ನಂಬಿ ಬಾಳುತ್ತಿದ್ದ ಹೆತ್ತವರು, ಪತ್ನಿ, ಮಕ್ಕಳು ಇವರನ್ನು ಒಟ್ಟಾಗಿ ಹೆಸರಿಸಿದರು. ಇಂಗ್ಲೆಂಡಿನ ಸಂಸತ್ತು 1846ರಲ್ಲಿ ಕಂಡುಕೊಂಡ ವಲಯವನ್ನು ಪಾಪನಿವೇದನೆಯ ಪೀಠ ಅದಕ್ಕೂ ಮುಂಚೆಯೇ ಬಲ್ಲುದಾಗಿತ್ತು. ನಮ್ಮದೇ ಪರಂಪರೆಯಲ್ಲಿದ್ದ ಈ ಅರಿವನ್ನು ನಾವು ಪರೀಕ್ಷೆಗಾಗಿ ಓದಿ ಮರೆತಿದ್ದೇವೆ.

ಇಂದಿನ ಲೆಕ್ಕದಲ್ಲಿ ತಾಯಿಯ ಹೆಸರು

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಮೃತನ ಕಾನೂನುಬದ್ಧ ಪ್ರತಿನಿಧಿಗಳೆಲ್ಲರ ಪರವಾಗಿ ಅರ್ಜಿ ಸಲ್ಲಬೇಕು. ಯಾರಿಗೆ ಹಣ ಸಲ್ಲತಕ್ಕದ್ದೆಂಬುದನ್ನು ನ್ಯಾಯಮಂಡಳಿಯೇ ತನ್ನ ತೀರ್ಪಿನಲ್ಲಿ ಹೇಳಬೇಕು. ಮೊತ್ತವನ್ನು ಕಟ್ಟುವ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ಸ್ಪಷ್ಟಪಡಿಸಿದೆ. ಒಂದು ಉದಾಹರಣೆಯನ್ನು ನೋಡೋಣ. ಸ್ವಂತ ದುಡಿಮೆಯ 38 ವರ್ಷದ ಒಬ್ಬನ ವಾರ್ಷಿಕ ಆದಾಯ 2,40,000 ರೂಪಾಯಿ ಎಂದಿಟ್ಟುಕೊಳ್ಳಿ. ಮುಂದಿನ ಏಳಿಗೆಗೆಂದು ಶೇ. 40ನ್ನು ಸೇರಿಸಿದರೆ 3,36,000. ಇದರಲ್ಲಿ ಅವನ ಸ್ವಂತ ಖರ್ಚನ್ನು ಕಳೆಯಬೇಕು. ಅವಲಂಬಿತರು ಎರಡು ಅಥವಾ ಮೂವರಾದರೆ ಮೂರನೆಯ ಒಂದು ಭಾಗ, ನಾಲ್ಕರಿಂದ ಆರು ಮಂದಿಯಾದರೆ ನಾಲ್ಕನೆಯ ಒಂದು ಭಾಗ. ಉಳಿದುದನ್ನು ವಯಸ್ಸಿಗೆ ತಕ್ಕ ಗುಣಕದಿಂದ, ಇಲ್ಲಿ 15ರಿಂದ, ಗುಣಿಸಬೇಕು.

ಪತ್ನಿ ಮತ್ತು ಇಬ್ಬರು ಮಕ್ಕಳು ಮಾತ್ರ ಅವಲಂಬಿತರಾದರೆ ಬರುವುದು 33,60,000. ತಾಯಿಯ ಹೆಸರು ಸೇರಿ ನಾಲ್ವರಾದರೆ 37,80,000. ವ್ಯತ್ಯಾಸ 4,20,000 ರೂಪಾಯಿ. ಅಂದರೆ ತಾಯಿಯು ಆ ಮನೆಯಲ್ಲಿ ಇದ್ದಾಳೆಂಬ ಕಾರಣಕ್ಕೇ ಮೊತ್ತ ಹೆಚ್ಚುತ್ತದೆ. ಕೂಡಿಸುವಾಗ ಎಣಿಸಿದ ತಾಯಿಯನ್ನು ಹಂಚುವಾಗ ಬಿಟ್ಟುಬಿಡುವುದು ಎಂತಹ ನ್ಯಾಯ? ನಾನು ಆ ಸಂಜೆ ಕೈಯಲ್ಲಿ ಕಲಮು ಹಿಡಿದು ಮಾಡಿದ್ದು ಅದನ್ನೇ.

ಇತ್ತೀಚಿನ ದಶಕಗಳಲ್ಲಿ ಈ ವಲಯ ಇನ್ನೂ ಹಿಗ್ಗಿದೆ. 1987ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ, ನಮ್ಮ ದೇಶದ ಕುಟುಂಬಗಳಲ್ಲಿ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಆಶ್ರಯಿಸಿ ಬಾಳುತ್ತಾರೆಂಬುದನ್ನು ಗುರುತಿಸಿ ಸಹೋದರರ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯ ಮಾನ್ಯಮಾಡಿತು. ಜಮ್ಶೆಡ್‌ಪುರದ ಅಗ್ನಿ ದುರಂತದ ಕುರಿತ 2001ರ ತೀರ್ಪು ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ರೂಪಾಯಿಯಂತೆ ಬೆಲೆ ಕಟ್ಟಿತು. ಮೊತ್ತ ಸಣ್ಣದು; ಆದರೆ ಸಂಬಳವಿಲ್ಲದ ದುಡಿಮೆಯೂ ದುಡಿಮೆಯೆಂಬ ತತ್ವ ದೊಡ್ಡದು. 2018ರ ತೀರ್ಪೊಂದು ಸಾಂಗತ್ಯದ ನಷ್ಟವು ದಂಪತಿಗಳಿಗೆ ಮಾತ್ರವಲ್ಲ, ಮಕ್ಕಳಿಗೂ ಹೆತ್ತವರಿಗೂ ಉಂಟೆಂದು ಹೇಳಿತು. ಬ್ಲೇಕ್ ಎಂಬಾಕೆಯ ಕಣ್ಣೀರು ನೂರಾರು ವರ್ಷಗಳ ಮೇಲೆ ಸ್ವಲ್ಪ ಮಟ್ಟಿಗಾದರೂ ಲೆಕ್ಕಕ್ಕೆ ಬಂದಿತು.

2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಕಂದಕಕ್ಕೆ ಜಾರಿ 158 ಮಂದಿ ಮಡಿದಾಗ ಕರಾವಳಿಯ ಅನೇಕ ಮನೆಗಳಿಗೆ ಇದೇ ಪ್ರಶ್ನೆ ಎದುರಾಯಿತು. ಅಲ್ಲಿ ಅನ್ವಯಿಸಿದ್ದು 1972ರ ವಿಮಾನ ಸಾಗಾಣಿಕೆ ಕಾಯಿದೆ. ಅದರಲ್ಲಿ ‘ಕುಟುಂಬ’ ಎಂಬ ಪದ ಅಣ್ಣತಮ್ಮಂದಿರನ್ನೂ ಅಕ್ಕತಂಗಿಯರನ್ನೂ ಮಲತಂದೆ ಮಲತಾಯಿಯರನ್ನೂ ಒಳಗೊಳ್ಳುತ್ತದೆ. ವಿವಾಹದ ಹೊರಗೆ ಹುಟ್ಟಿದ ಮಗುವನ್ನೂ ಮಗುವೆಂದೇ ಎಣಿಸುತ್ತದೆ. ಇಂತಹ ಮಗುವೊಂದು ಶವಪೆಟ್ಟಿಗೆಯಿಂದ ದೂರ ನಿಂತಿರುವುದನ್ನು ನಮ್ಮಲ್ಲಿ ಕೆಲವರಾದರೂ ಕಂಡಿದ್ದೇವೆ.

ಗುರುಮಠದ ಓದುಗರಿಗೆ ಇನ್ನೊಂದು ತೀರ್ಪು ವಿಶೇಷವಾಗಿ ತಟ್ಟಬೇಕು. ಸಂತ ಗಾಬ್ರಿಯೇಲರ ಮೋಂಟ್‌ಫೋರ್ಟ್ ಸಹೋದರರ ಸಭೆಗೆ ಸೇರಿದ ಮುಖ್ಯೋಪಾಧ್ಯಾಯರೊಬ್ಬರು ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರು. ವ್ರತಧಾರಿಯ ಸಂಬಳ ಸಭೆಗೆ ಸೇರುತ್ತಿತ್ತು. ಅವರಿಗೆ ಪತ್ನಿಯಿಲ್ಲ, ಮಕ್ಕಳಿಲ್ಲ. ಉಚ್ಚ ನ್ಯಾಯಾಲಯ ಸಭೆಯ ಕೋರಿಕೆಯನ್ನು ತಳ್ಳಿಹಾಕಿತ್ತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಧಾರ್ಮಿಕ ಸಭೆಯೇ ಅವರ ಕಾನೂನುಬದ್ಧ ಪ್ರತಿನಿಧಿಯೆಂದು ಒಪ್ಪಿ ಪರಿಹಾರವನ್ನು ಎತ್ತಿಹಿಡಿಯಿತು. ವ್ರತವು ಕಟ್ಟಿದ ಬಂಧುತ್ವವನ್ನು ಜಾತ್ಯತೀತ ನ್ಯಾಯಾಲಯವೇ ಗುರುತಿಸಿತು. ನಮಗೆ ಸಿಕ್ಕ ಈ ಗುರುತಿಸುವಿಕೆಯನ್ನು ನಾವು ಇತರರಿಗೆ ಕೊಡುತ್ತೇವೆಯೇ?

ಪಾಲುಗಾರನೂ ಪರಿಚಾರಕನೂ

ಅಣ್ಣನು ಆಸ್ತಿಯಲ್ಲಿ ಪಾಲು ಕೊಡುವಂತೆ ಹೇಳಬೇಕೆಂದು ಒಬ್ಬನು ಬೇಡಿದಾಗ ಪ್ರಭು ಯೇಸು ಪಾಲುಗಾರನಾಗಲು ಒಪ್ಪಲಿಲ್ಲ (ಲೂಕ 12:13-15). ಲೋಭದ ವಿಷಯದಲ್ಲಿ ಎಚ್ಚರಿಸಿದರು. ಆದರೆ ಗ್ರೀಕ್ ಮಾತನಾಡುತ್ತಿದ್ದ ವಿಧವೆಯರನ್ನು ದಿನದಿನದ ಹಂಚಿಕೆಯಲ್ಲಿ ಕಡೆಗಣಿಸಲಾಗುತ್ತಿದೆ ಎಂಬ ಗೊಣಗಾಟ ಕೇಳಿದಾಗ ಪ್ರೇಷಿತರು ಅದನ್ನು ತಳ್ಳಿಹಾಕದೆ ಏಳು ಮಂದಿಯನ್ನು ನೇಮಿಸಿದರು (ಪ್ರೇಷಿತರ ಕಾರ್ಯಕಲಾಪಗಳು 6:1-6). ಸೇವಾದರ್ಶಿ ದೀಕ್ಷೆಯ ಮೂಲವನ್ನು ಪರಂಪರೆ ಕಂಡಿರುವುದು ವಿಧವೆಯರ ಪಾಲಿನ ತಂಟೆಯಲ್ಲಿ ಎಂಬುದನ್ನು ದೀಕ್ಷೆಗೆ ಸಿದ್ಧರಾಗುತ್ತಿರುವವರು ನೆನಪಿಡಬೇಕು.

ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಓದಿದರೆ ಗುರುವಿನ ದಾರಿ ತಿಳಿಯುತ್ತದೆ. ಯಾರಿಗೆಷ್ಟು ಎಂದು ತೀರ್ಪು ಕೊಡುವುದು ಅವನ ಕೆಲಸವಲ್ಲ. ಯಾರು ಲೆಕ್ಕದಿಂದ ಬಿಟ್ಟುಹೋಗಿದ್ದಾರೆಂದು ಕೇಳುವುದು ಅವನ ಕೆಲಸ. ಅರ್ಜಿಯಲ್ಲಿ ತಾಯಿಯ ಹೆಸರಿದೆಯೇ? ಅವಲಂಬಿತೆಯಾದ ತಂಗಿಯ ವಿಷಯವನ್ನು ವಕೀಲರಿಗೆ ತಿಳಿಸಲಾಗಿದೆಯೇ? ಅಪ್ರಾಪ್ತ ಮಕ್ಕಳ ಪಾಲು, ಸೂಸಮ್ಮ ತೋಮಸ್ ತೀರ್ಪಿನ ಮಾರ್ಗಸೂಚಿಯಂತೆ, ಅವರು ವಯಸ್ಕರಾಗುವವರೆಗೆ ಬ್ಯಾಂಕಿನ ಠೇವಣಿಯಲ್ಲಿದೆಯೇ, ಇಲ್ಲವೇ ಚಿಕ್ಕಪ್ಪನ ಕೈಸಾಲವಾಗಿ ಹೋಗಿದೆಯೇ? ಓದು ಬಾರದವರು ಹೆಬ್ಬೆಟ್ಟು ಒತ್ತುವ ಮುನ್ನ ಕಾಗದವನ್ನು ಅವರ ಮಾತಿನಲ್ಲಿ ಯಾರಾದರೂ ಓದಿಹೇಳಿದ್ದಾರೆಯೇ? ಪರಿಹಾರದ ಹಣದಲ್ಲಿ ದೇವಾಲಯಕ್ಕೆ ಕಾಣಿಕೆ ಕೊಡುತ್ತೇವೆಂದು ಬಂದವರಿಗೆ, ಮೊದಲು ಮನೆಯ ಲೆಕ್ಕ ಮುಗಿಯಲಿ ಎನ್ನುವ ಧೈರ್ಯ ನಮಗಿದೆಯೇ? ಡಿಯೋಡ್ಯಾಂಡ್ ಸತ್ತು ಬಹುಕಾಲವಾಯಿತು. ಅದನ್ನು ನಾವು ಬೇರೆ ಹೆಸರಿನಲ್ಲಿ ಎಬ್ಬಿಸಬಾರದು.

ಲೋಕ ಅದಾಲತ್‌ನ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ನನ್ನ ತಪ್ಪು ನನಗೆ ತಿಳಿದಾಗ ವರ್ಷ ಕಳೆದಿತ್ತು. ಆ ಮನೆಗೆ ಹೋಗಿ ಅತ್ತೆ ಸೊಸೆಯರಿಬ್ಬರ ಎದುರಿಗೆ ಅದನ್ನು ಒಪ್ಪಿಕೊಂಡೆ. ಸೊಸೆ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ತನ್ನ ಠೇವಣಿಯ ಬಡ್ಡಿಯಲ್ಲಿ ಪ್ರತಿ ತಿಂಗಳೂ ಅತ್ತೆಗೆ ಕೊಡುವೆನೆಂದಳು, ಕೊಟ್ಟಳು ಕೂಡ. ಅದು ಆಕೆಯ ಒಳ್ಳೆಯತನ. ಆ ತಾಯಿಗೆ ಹಕ್ಕಾಗಿ ಸಲ್ಲಬೇಕಾಗಿದ್ದುದು ದಯೆಯಾಗಿ ಸಂದಿತು, ಮತ್ತು ಆ ಬದಲಾವಣೆಗೆ ಕಾರಣನು ನಾನು. ಈ ಲೇಖನವನ್ನು ಓದುವ ಎಳೆಯ ಗುರುಗಳು ಎರಡನೆಯ ಭೇಟಿಯ ದಿನ ಪುಸ್ತಕವನ್ನು ತೆರೆಯುವ ಮೊದಲು, ಕೋಣೆಯ ಮೂಲೆಯಲ್ಲಿ ಸುಮ್ಮನೆ ಕುಳಿತವರತ್ತ ಒಮ್ಮೆ ನೋಡಲಿ ಎಂಬುದಷ್ಟೇ ನನ್ನ ಕೋರಿಕೆ.